ಏಳು ಬಣ್ಣದ ಬೂದು

ನಗರದ ನೀರು ಸರಬರಾಜು ಸಂಸ್ಥೆಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಮೋಟಾರು ಗುರುಗುಟ್ಟುವ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ ಹೆಂಗಸನ್ನು ಇಡೀ ಸಂಸ್ಥೆ ಗ್ರಾಫಕ್ಕ ಎಂದು ಕರೆಯುತ್ತಿತ್ತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು. ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ ಒಂದೇ. ಏಳು ಟ್ಯಾಂಕುಗಳ ನೀರಿನ ಮಟ್ಟ, ಒತ್ತಡ, ಸೋರಿಕೆ, ದೂರು, ಎಲ್ಲದರ ಅಂಕಿ ತೆಗೆದುಕೊಂಡು ಕೋಡ್ ಬರೆದು ಗ್ರಾಫ್ ಮಾಡುವುದು, ಸೋಮವಾರ ಬೆಳಗ್ಗೆ ಎಂಟಕ್ಕೆ ಪಂಪ್‌ಹೌಸುಗಳಿಗೆ ಕಳಿಸುವುದು.

ಹೀಗೆ ಬರೆದ ಚಿಕ್ಕ ದೊಡ್ಡ ಪ್ರೋಗ್ರಾಮುಗಳು ಇನ್ನೂರ ಹನ್ನೆರಡಾಗಿದ್ದವು. ಪ್ರತಿಯೊಂದರಲ್ಲೂ ಬಣ್ಣಗಳ ಆರಾರು ಅಕ್ಷರದ ಸಂಕೇತಗಳನ್ನು ಅವಳೇ ಕೈಯಾರೆ ತುಂಬಿದ್ದಳು, ಒಂದೊಂದು ಕಡೆ ಒಂದೊಂದು ಥರ. ಮೂರನೇ ಟ್ಯಾಂಕು ಕೆಂಪು, ಏಕೆಂದರೆ ಅದನ್ನು ಮೊದಲು ಬರೆದ ದಿನ ಆ ಟ್ಯಾಂಕಿನಲ್ಲಿ ಬಿರುಕು ಬಿಟ್ಟಿತ್ತು. ಬಿರುಕು ಮುಚ್ಚಿದರು, ಕೆಂಪು ಉಳಿಯಿತು. ಐದನೆಯದು ಹಳದಿ, ಏಕೆಂದರೆ ಅಷ್ಟು ಹೊತ್ತಿಗೆ ಬೇರೆ ಬಣ್ಣ ನೆನಪಿಗೆ ಬಂದಿರಲಿಲ್ಲ. ಒಂದನೆಯದು ಕಪ್ಪು. ನೋಡಲು ಚೆನ್ನಾಗಿರಲಿಲ್ಲ ಎಂಬುದನ್ನು ಅವಳೂ ಒಪ್ಪುತ್ತಿದ್ದಳು. ಆದರೆ ಪಂಪ್‌ಹೌಸಿನವರು ಗೆರೆಗಳನ್ನು ಸ್ವಂತ ಮಕ್ಕಳಷ್ಟೇ ಸಲೀಸಾಗಿ ಗುರುತು ಹಿಡಿಯುತ್ತಿದ್ದರು.

ಆ ವರ್ಷ ಸಂಸ್ಥೆಗೆ ಹೊಸ ಸಾಹೇಬರು ಬಂದರು. ಬಂದ ತಿಂಗಳಲ್ಲೇ ಸಂಸ್ಥೆಗೆ ಮುಖವಿಲ್ಲ ಎಂದು ಅವರಿಗೆ ಅನ್ನಿಸಿತು. ಪೈಪುಗಳು ಹಳೆಯವು ಎಂಬ ಟಿಪ್ಪಣಿಯೂ ಅದೇ ಮೇಜಿನ ಮೇಲಿತ್ತು, ಆದರೆ ಪೈಪು ನೆಲದೊಳಗಿರುತ್ತದೆ, ಮುಖ ಎದುರಿಗಿರುತ್ತದೆ. ಒಂದು ವಿನ್ಯಾಸ ಕಂಪನಿಗೆ ಕೆಲಸ ಒಪ್ಪಿಸಲಾಯಿತು. ಎಂಟು ತಿಂಗಳ ನಂತರ, ಸಂಸ್ಥೆಯ ಪ್ರತಿ ಹಾಳೆಯೂ ಹೇಗೆ ಕಾಣಬೇಕೆಂದು ಹೇಳುವ ನೂರ ಹದಿನಾಲ್ಕು ಪುಟಗಳ ಬ್ರಾಂಡ್ ಪುಸ್ತಕ ಬಂತು. ಜೊತೆಗೇ ಒಬ್ಬ ಬ್ರಾಂಡ್ ಅಧಿಕಾರಿಯೂ ಬಂದ. ಲೋಗೊ ಹಾಳೆಯ ಅಂಚಿನಿಂದ ಎಷ್ಟು ದೂರವಿದೆ ಎಂದು ಅಳೆಯಲು ಜೇಬಿನಲ್ಲಿ ಸಣ್ಣ ಸ್ಕೇಲು ಇಟ್ಟುಕೊಂಡು ಓಡಾಡುವ, ತುಂಬಾ ಮರ್ಯಾದಸ್ಥ ಮನುಷ್ಯ.

ಪುಸ್ತಕದಲ್ಲಿ ಏಳು ಬಣ್ಣಗಳಿದ್ದವು: ಮುಂಜಾವು, ತಿಳಿನೀರು, ಚಿಗುರು, ಹವಳ, ಮರಳು, ಮುಗಿಲು, ನೆಮ್ಮದಿ. ನೆಮ್ಮದಿ ಎನ್ನುವುದು ತಿಳಿ ನೇರಳೆ ಎಂದು ಗ್ರಾಫಕ್ಕನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಂಪು ಎಲ್ಲೂ ಇರಲಿಲ್ಲ. ಅವಳು ಹೋಗಿ ಬ್ರಾಂಡ್ ಅಧಿಕಾರಿಯನ್ನು ಕೇಳಿದಳು.

"ಅಪಾಯ ತೋರಿಸೋಕೆ ಯಾವ ಬಣ್ಣ ಹಾಕ್ಲಿ?"

"ಅಪಾಯ ಅನ್ನೋ ಪದ ಪುಸ್ತಕದಲ್ಲಿ ಇಲ್ಲ ಮೇಡಂ. 'ಗಮನ' ಅಂತ ಇದೆ. ಗಮನಕ್ಕೆ ಹವಳ."

"ಟ್ಯಾಂಕು ಒಡೆದ್ರೆ?"

ಅವನು ಪುಸ್ತಕ ತಿರುವಿ ಹಾಕಿದ. "ಅದೂ ಗಮನಾನೇ."

ಪುಸ್ತಕದ ಕೊನೆಯ ಪುಟದಲ್ಲಿ ವಿನ್ಯಾಸ ಕಂಪನಿಯ ಹೆಸರು ಕಂಡಾಗ ಗ್ರಾಫಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಅದು ಅವಳ ವಾರಗಿತ್ತಿ ಕೆಲಸ ಮಾಡುವ ಕಂಪನಿ. ಮೈದುನನ ಹೆಂಡತಿ. ಒಂದೇ ಮನೆ, ಇವರದು ಮೇಲೆ, ಅವರದು ಕೆಳಗೆ, ಅತ್ತೆ ಕೆಳಗಿನ ಮುಂದಿನ ಕೋಣೆಯಲ್ಲಿ. ಅಲ್ಲಿ ಎಂಟು ತಿಂಗಳು ಇದೇ ಕೆಲಸ ನಡೆದರೂ ಅವಳು ಮನೆಯಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಇಬ್ಬರೂ ಮೂರು ವರ್ಷದಿಂದ ಅತ್ತೆಯ ಮಾತ್ರೆ ಮತ್ತು ನೀರಿನ ಮೋಟಾರು, ಈ ಎರಡು ವಿಷಯ ಬಿಟ್ಟು ಬೇರೆ ಮಾತಾಡಿದವರಲ್ಲ. ಜಗಳಕ್ಕೆ ಕಾರಣ ಮೆಟ್ಟಿಲ ಗೋಡೆ. ಗ್ರಾಫಕ್ಕ ಕೊಳೆ ಕಾಣಬಾರದೆಂದು ಬೂದು ಬಣ್ಣ ಹೊಡೆಸಿದ್ದಳು. ವಾರದೊಳಗೆ ವಾರಗಿತ್ತಿ ಅದರ ಮೇಲೆ ಹಳದಿ ಹೊಡೆಸಿದಳು, ಒಂದು ಮಾತೂ ಕೇಳದೆ. ಅದು ತನ್ನನ್ನು ಹೀಗಳೆಯಲು ಮಾಡಿದ್ದೆಂದು ಗ್ರಾಫಕ್ಕನಿಗೆ ಖಾತ್ರಿಯಿತ್ತು. ಏಕೆ ಎಂದು ಯೋಚಿಸಿ ಯೋಚಿಸಿ ಅವಳು ನಾಲ್ಕು ಕಾರಣ ಹುಡುಕಿಟ್ಟಿದ್ದಳು.

ಇಷ್ಟಾದರೂ, ಗ್ರಾಫುಗಳನ್ನೆಲ್ಲ ಪುಸ್ತಕದ ಬಣ್ಣಗಳಿಗೆ ತರುವ ಥೀಮ್ ಬರೆಯಲು ಕುಳಿತಾಗ ಅವಳಿಗೆ ಖುಷಿಯಾಯಿತು ಎನ್ನುವುದನ್ನು ಮುಚ್ಚಿಡುವಂತಿಲ್ಲ. ಹತ್ತೊಂಬತ್ತು ವರ್ಷ ಇನ್ನೂರ ಹನ್ನೆರಡು ಕಡೆ ಚೆಲ್ಲಾಪಿಲ್ಲಿಯಾಗಿದ್ದ ಬಣ್ಣಗಳನ್ನೆಲ್ಲ ಬಾಚಿ ಒಂದೇ ಕಡತಕ್ಕೆ ತಂದಳು. ಏಳು ಬಣ್ಣ, ಅವುಗಳ ಕ್ರಮ, ಅಕ್ಷರದ ಆಕಾರ, ಹಿನ್ನೆಲೆ, ಅಂಚು, ಲೋಗೊ ಕೂರುವ ಮೂಲೆ, ಎಲ್ಲ ಅಲ್ಲಿ. ಉಳಿದ ಪ್ರೋಗ್ರಾಮುಗಳಲ್ಲಿ ಒಂದೇ ಸಾಲು: ಆ ಥೀಮನ್ನು ಹಾಕಿಕೋ. ಎರಡು ವಾರ ಮಧ್ಯಾಹ್ನದ ಊಟವನ್ನು ಕೀಲಿಮಣೆಯ ಪಕ್ಕದಲ್ಲೇ ಮುಗಿಸಿದಳು. ಶುಕ್ರವಾರ ಸಂಜೆ ಇನ್ನೂರ ಹನ್ನೆರಡೂ ಗ್ರಾಫುಗಳು ಒಂದರ ಹಿಂದೊಂದು ಹೊಸ ಬಟ್ಟೆ ತೊಟ್ಟು ಪರದೆಯ ಮೇಲೆ ಬಂದಾಗ ಅವಳಿಗೆ ಕಣ್ಣು ತುಂಬಿ ಬಂತು. ಅಷ್ಟು ಚೆಂದವಿದ್ದವು. ಬೇರೇನೂ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಕೆಟ್ಟದ್ದನ್ನು ಕಂಡರೆ ನಾಲ್ಕು ಸಲ ಪರೀಕ್ಷಿಸುವವಳು ಚೆಂದವನ್ನು ಕಂಡು ಮನೆಗೆ ಹೋದಳು.

ಸೋಮವಾರ ಎಂಟಕ್ಕೆ ಗ್ರಾಫುಗಳು ಹೋದವು. ಎಂಟೂವರೆಗೆ ಸಾಹೇಬರು ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ ಅವಳನ್ನು ಹೊಗಳಿದರು. ಹೊಗಳಿಕೆ ನಡೆಯುವಾಗ ಫೋನ್ ಮೊಳಗಬಾರದೆಂದು ಅವಳು ಅದನ್ನು ಮೂಕ ಮಾಡಿದ್ದಳು. ಹೊರಗೆ ಬಂದು ನೋಡಿದರೆ ಗುಡ್ಡದ ಪಂಪ್‌ಹೌಸಿನಿಂದ ಹನ್ನೊಂದು ಕರೆ.

ಅಲ್ಲಿದ್ದವನು ವಾಲ್ವಣ್ಣ. ಮೂವತ್ತಾರು ವರ್ಷದಿಂದ ಅದೇ ಗುಡ್ಡದ ಮೇಲೆ ಅದೇ ವಾಲ್ವುಗಳನ್ನು ತಿರುಗಿಸುತ್ತ ಬಂದವನು, ನಿವೃತ್ತಿಗೆ ಎರಡು ವರ್ಷ ಬಾಕಿ.

"ಅಕ್ಕಾ, ಯಾವುದು ಯಾವುದು?" ಅಂದ.

"ಏನು ಯಾವುದು?"

"ಹಾಳೇಲಿ ಏಳು ಗೆರೆ ಇದೆ. ಏಳೂ ಒಂದೇ ಥರ ಇದೆ. ಪಕ್ಕದಲ್ಲಿ ಏಳು ಚೌಕ ಹಾಕಿದ್ದೀರ. ಅವೂ ಒಂದೇ ಥರ."

"ಬಣ್ಣ ನೋಡಿ ಅಣ್ಣಾ."

"ಬಣ್ಣ ಎಲ್ಲಿ ತರ್ಲಿ? ನಮ್ಮ ಪ್ರಿಂಟರಲ್ಲಿ ಕಪ್ಪು ಶಾಯಿ ಮಾತ್ರ ಅಲ್ವಾ?"

ಗ್ರಾಫಕ್ಕ ತನ್ನ ಕೋಣೆಗೆ ಬಂದು, ಗ್ರಾಫನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿದಳು. ಮುಂಜಾವು, ತಿಳಿನೀರು, ಚಿಗುರು, ಹವಳ, ಮರಳು, ಮುಗಿಲು, ನೆಮ್ಮದಿ, ಏಳೂ ಒಂದೇ ಬೂದು. ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಅವಳ ಹಳೆಯ ಬಣ್ಣಗಳು ಕಣ್ಣಿಗೆ ಕುಕ್ಕುವಂತಿದ್ದರೂ ಕಪ್ಪು ಕಪ್ಪಾಗಿ, ಹಳದಿ ಬಿಳಿಚಿಕೊಂಡು, ಕೆಂಪು ನಡುವೆ, ಬೇರೆ ಬೇರೆಯಾಗಿ ಕಾಣುತ್ತಿದ್ದವು. ಅದು ಬುದ್ಧಿವಂತಿಕೆಯಿಂದ ಆಗಿದ್ದಲ್ಲ, ಅದೃಷ್ಟ. ಈಗ ಆ ಅದೃಷ್ಟವನ್ನು ಅವಳೇ ಎರಡು ವಾರ ಕೂತು ಅಳಿಸಿ ಹಾಕಿದ್ದಳು.

"ಅಣ್ಣಾ, ತಳದಲ್ಲಿರೋ ಗೆರೆ ಐದನೇ ಟ್ಯಾಂಕಿಂದು. ಮೊದಲು ಅದನ್ನ ತುಂಬಿ."



"ಮೂರನೇದು ತುಂಬಿಸಿಬಿಟ್ಟೆನಲ್ಲಕ್ಕ," ಅಂದ ವಾಲ್ವಣ್ಣ. "ಹೋದ ಎಂಟು ವಾರ ತಳದಲ್ಲಿದ್ದಿದ್ದು ಅದೇ. ನೀವು ಫೋನ್ ಎತ್ತಲಿಲ್ಲ."

ಮೂರನೇ ಟ್ಯಾಂಕಿನ ಅಂಕಿ ನಗರದ ಕಚೇರಿಗೆ ಬರುತ್ತಿತ್ತು, ಆದರೆ ಪಂಪ್‌ಹೌಸಿನಲ್ಲಿ ಅದರ ಮಟ್ಟ ತೋರಿಸುವ ಮುಳ್ಳು ಕೆಟ್ಟು ಎರಡು ವರ್ಷವಾಗಿತ್ತು. ಆದ್ದರಿಂದ ಟ್ಯಾಂಕು ತುಂಬಿದ್ದು ವಾಲ್ವಣ್ಣನಿಗಿಂತ ಮೊದಲು ಗುಡ್ಡದ ಕೆಳಗಿನ ವಾಹನ ಚಾಲನಾ ಪರೀಕ್ಷೆಯ ಮೈದಾನಕ್ಕೆ ಗೊತ್ತಾಯಿತು. ನಲವತ್ತು ನಿಮಿಷ ನೀರು ಹರಿಯಿತು. ಪರೀಕ್ಷಕರು ಕುರ್ಚಿಯ ಮೇಲೆ ಹತ್ತಿ ನಿಂತು ಪರೀಕ್ಷೆ ಮುಂದುವರಿಸಿದರು. ನಾಲ್ಕನೇ ಸಲ ಬಂದಿದ್ದ ಒಬ್ಬ ಹೆಂಗಸು ನೀರಿನಲ್ಲಿ ಕಾರನ್ನು ಹಿಂದಕ್ಕೆ ತೆಗೆದ ರೀತಿ ನೋಡಿ ಅವಳನ್ನು ಪಾಸು ಮಾಡಿದರಂತೆ. ಅದೇ ಹೊತ್ತಿಗೆ ಐದನೇ ಟ್ಯಾಂಕಿನ ಬೀದಿಗಳಲ್ಲಿ ಮಧ್ಯಾಹ್ನದವರೆಗೆ ನಲ್ಲಿಗಳು ಬರೀ ಗಾಳಿ ಬಿಟ್ಟವು. ದೂರಿನ ಗ್ರಾಫು ಕಿಟಕಿಯಷ್ಟೆತ್ತರ ಏರಿತು, ಹವಳದ ಬಣ್ಣದಲ್ಲಿ.

ಮಂಗಳವಾರ ವಿಚಾರಣೆಯ ಸಭೆ.

"ಬಣ್ಣಗಳು ಪುಸ್ತಕದ ಪ್ರಕಾರ ಇದಾವಾ?" ಸಾಹೇಬರು ಕೇಳಿದರು.

"ಇದಾವೆ ಸರ್. ಒಂದಕ್ಷರ ಆಚೀಚೆ ಇಲ್ಲ," ಎಂದ ಬ್ರಾಂಡ್ ಅಧಿಕಾರಿ. ಅದು ನಿಜವೂ ಆಗಿತ್ತು.

"ತಪ್ಪು ನಂದು ಸರ್," ಎಂದಳು ಗ್ರಾಫಕ್ಕ. "ಕಪ್ಪು-ಬಿಳುಪಲ್ಲಿ ಪ್ರಿಂಟ್ ತೆಗೆದು ನೋಡಬೇಕಿತ್ತು. ನೋಡ್ಲಿಲ್ಲ."

"ಹಾಗೆ ನೋಡಬೇಕು ಅಂತ ಪುಸ್ತಕದಲ್ಲಿ ಇದೆಯಾ?"

"ಇಲ್ಲ ಸರ್."

"ಮತ್ತೆ ನಿಮ್ಮ ತಪ್ಪು ಹೇಗಾಗುತ್ತೆ?"

ಪಂಪ್‌ಹೌಸುಗಳಿಗೆ ಬಣ್ಣದ ಪ್ರಿಂಟರ್ ಕೊಡಬಹುದಲ್ಲ ಎಂದು ಯಾರೋ ಹೇಳಿದರು. ಇರುವ ಪ್ರಿಂಟರು ಕೆಡದೆ ಹೊಸದು ಕೊಡುವ ನಿಯಮವಿಲ್ಲ ಎಂದು ಉಗ್ರಾಣದವರು ಹೇಳಿದರು. ಆ ಪ್ರಿಂಟರು ಕೆಡುವ ಜಾತಿಯದಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಪುಸ್ತಕ ಸರಿ, ಕೋಡ್ ಸರಿ, ಪ್ರಿಂಟರು ಸರಿ. ಒಬ್ಬೊಬ್ಬರನ್ನೇ ಬಿಡುತ್ತ ಹೋದಾಗ ಕೊನೆಗೆ ಉಳಿದವನು ವಾಲ್ವಣ್ಣ. ಅವನಿಗೆ ಒಂದು ಮೆಮೊ ಕೊಡುವುದೆಂದು ತೀರ್ಮಾನವಾಯಿತು. ಗ್ರಾಫಿನಲ್ಲಿ ಏನಾದರೂ ಬದಲಾಯಿಸಬೇಕಿದ್ದರೆ ವಿನ್ಯಾಸ ಕಂಪನಿಯ ಲಿಖಿತ ಒಪ್ಪಿಗೆಯೊಂದಿಗೆ ಶುಕ್ರವಾರದೊಳಗೆ ಕೊಡಿ ಎಂದು ಗ್ರಾಫಕ್ಕನಿಗೆ ಹೇಳಲಾಯಿತು.

ಮೂವತ್ತಾರು ವರ್ಷದಲ್ಲಿ ಒಂದೂ ಮೆಮೊ ಕಾಣದ ಮನುಷ್ಯ. ಸಂಜೆ ಬಸ್ಸಿನಲ್ಲಿ ಕೂತಾಗ ಗ್ರಾಫಕ್ಕನಿಗೆ ಹನ್ನೊಂದು ಕರೆಗಳೂ ಒಂದೊಂದಾಗಿ ನೆನಪಾದವು. ಆ ಹೊತ್ತಿಗೆ ತಾನು ಏನು ಮಾಡುತ್ತಿದ್ದೆ ಎಂಬುದೂ ನೆನಪಾಯಿತು: ಚಪ್ಪಾಳೆಗೆ ತಲೆಬಾಗುತ್ತಿದ್ದಳು. ಅವಳು ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು.

ಮನೆಗೆ ಬಂದು ಮೇಲೆ ಹತ್ತದೆ ಕೆಳಗಿನ ಮುಂದಿನ ಕೋಣೆಗೆ ಹೋದಳು. ಅತ್ತೆ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು, ಈಗಲೂ ನೆರೆಯವರ ಬಟ್ಟೆಗೆ ಗುಂಡಿ ಹಾಕಿಕೊಡುತ್ತಿದ್ದರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಆ ತುದಿಯಲ್ಲಿ ವಾರಗಿತ್ತಿ ಕಾಫಿ ಕುಡಿಯುತ್ತಿದ್ದಳು.

"ನಿನ್ನ ಹತ್ರ ಒಂದು ಮಾತಿತ್ತು," ಎಂದಳು ಗ್ರಾಫಕ್ಕ.

"ಮೋಟಾರ್ ಹಾಕಿದ್ದೀನಿ ಅಕ್ಕ. ಮಾತ್ರೆನೂ ಕೊಟ್ಟಾಯ್ತು."

"ಅದಲ್ಲ." ಅವಳು ಎರಡು ಹಾಳೆ ಮೇಜಿನ ಮೇಲಿಟ್ಟಳು, ಒಂದು ಬಣ್ಣದ್ದು, ಒಂದು ಬೂದು. "ಇದು ನಿನ್ನ ಕೆಲಸಾನಾ?"

ವಾರಗಿತ್ತಿ ಹಾಳೆಯನ್ನು ನೋಡಿದಳು. ಲೋಟ ಕೆಳಗಿಟ್ಟಳು.

"ನಾನು ಕೊಟ್ಟಿದ್ದು ಹನ್ನೊಂದು ಬಣ್ಣ. ನಾಲ್ಕು ಗಾಢವಾಗಿದ್ವು. ನಿಮ್ಮ ಸಾಹೇಬರು ಅವನ್ನ ನೋಡಿದ್ರೆ ದುಃಖ ಬರುತ್ತೆ ಅಂತ ಕಿತ್ತು ಹಾಕ್ಸಿದ್ರು."

"ನೀನು ಹೇಳಬೇಕಿತ್ತು."

"ಹೇಳಿದೆ. ಮೂರು ಸಲ. ನಾಲ್ಕನೇ ಸಲ ಹೇಳೋಕೆ ಹೋದ್ರೆ ನಮ್ಮ ಬಾಸು ಕಾಲು ತುಳಿದ್ರು."

"ನನಗೆ ಹೇಳಬೇಕಿತ್ತು ಅಂದೆ."

"ನಿಮಗೆ ಹೇಗೆ ಹೇಳ್ಲಿ? ನೀವು ನನ್ನ ಜೊತೆ ಮಾತಾಡ್ತಿದ್ರಾ?"

ಅಷ್ಟರಲ್ಲಿ ಅತ್ತೆ ಬಣ್ಣದ ಹಾಳೆ ಎತ್ತಿಕೊಂಡು, ಬೆಳಕಿಗೆ ಹಿಡಿದು, ಕಣ್ಣನ್ನು ಸೂಜಿಯ ರಂಧ್ರದಷ್ಟು ಕಿರಿದು ಮಾಡಿ ನೋಡಿದರು.

"ಇದೇನು, ಎಲ್ಲ ಒಂದೇ ದಾರ ಆಯ್ತಲ್ಲ."

"ಒಂದಲ್ಲ ಅತ್ತೆ, ಏಳು."

"ಕಣ್ಣು ಅರ್ಧ ಮುಚ್ಚಿ ನೋಡು, ಗೊತ್ತಾಗುತ್ತೆ. ಹೊಲಿಗೆ ಕಾಣಬಾರದು ಅಂದ್ರೆ ಇಂಥದ್ದು ಸರಿ. ಕಾಣಬೇಕು ಅಂದ್ರೆ ಒಂದು ತಿಳಿ, ಒಂದು ಗಾಢ ತಗೋಬೇಕು. ಬರೀ ಬಣ್ಣ ಬೇರೆ ಆದ್ರೆ ಏನು ಬಂತು?"

ಇಬ್ಬರು ಸೊಸೆಯರೂ ಹಾಳೆಯ ಮೇಲೆ ಬಗ್ಗಿ ಕಣ್ಣು ಅರ್ಧ ಮುಚ್ಚಿದರು. ಆಗ ಒಳಗೆ ಬಂದ ಮೈದುನ ಮೂವರನ್ನೂ ನೋಡಿ, ಏನೂ ಕೇಳದೆ, ಹೊರಗೆ ಹೋದ.

"ಎಂಬತ್ತೆಂಟನೇ ಪುಟ ನೋಡಿದ್ರಾ?" ಎಂದಳು ವಾರಗಿತ್ತಿ, ಸ್ವಲ್ಪ ಹೊತ್ತಿನ ಮೇಲೆ.

ಗ್ರಾಫಕ್ಕ ಎಂಬತ್ತೇಳರವರೆಗೆ ಓದಿದ್ದಳು. ಎಂಬತ್ತೆಂಟರಲ್ಲಿ, ಕಾರುಗಳ ಮೇಲೆ ಲೋಗೊ ಅಂಟಿಸುವ ಬಗೆಗಿನ ಚಿತ್ರಗಳ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಅಗತ್ಯವಿದ್ದಲ್ಲಿ ಪ್ರತಿ ಬಣ್ಣದ ತಿಳಿ ಮತ್ತು ಗಾಢ ಛಾಯೆಗಳನ್ನು ಬಳಸಬಹುದು.

"ಇದನ್ನ ಯಾರು ಬರೆದಿದ್ದು?"

"ನಾನೇ. ಕಾರಿನ ಪುಟ ಯಾರೂ ಓದಲ್ಲ."

ಬುಧವಾರ, ಗುರುವಾರ ಸಂಜೆ ಇಬ್ಬರೂ ಆ ಮೇಜಿನ ಮುಂದೆಯೇ ಕೂತರು. ಗ್ರಾಫಕ್ಕ ಕೋಡ್ ತೆರೆದಳು, ವಾರಗಿತ್ತಿ ಛಾಯೆ ಆರಿಸಿದಳು. ಹೆಸರು ಏಳೂ ಹಾಗೇ ಉಳಿದವು. ಮುಂಜಾವು ಕತ್ತಲಿಗೆ ಹತ್ತಿರವಾಯಿತು, ನೆಮ್ಮದಿ ಬದನೆಕಾಯಿಯಷ್ಟು ಗಾಢವಾಯಿತು, ಮರಳು ಬಿಸಿಲಿಗೆ ಬಿಳಿಚಿತು. ಕೆಲಸವೇನೂ ಹೂವೆತ್ತಿದಂತೆ ಸಾಗಲಿಲ್ಲ. ಗೆರೆಗಳು ತಿಳಿಯಿಂದ ಗಾಢಕ್ಕೆ ಸಾಲಾಗಿ ಹೋಗಲಿ ಎಂದು ಗ್ರಾಫಕ್ಕ; ಹಾಗೆ ಮಾಡಿದರೆ ಏಳನೇ ಟ್ಯಾಂಕೇ ದೊಡ್ಡದು ಅನ್ನಿಸುತ್ತದೆ, ಕಲಸಿ ಹಾಕಿ ಎಂದು ವಾರಗಿತ್ತಿ.

"ಹತ್ತೊಂಬತ್ತು ವರ್ಷದಿಂದ ಮಾಡ್ತಿದ್ದೀನಿ ಮಾರಾಯ್ತಿ."

"ಗೊತ್ತು ಅಕ್ಕ. ನಿಮ್ಮ ಹಳೇ ಗ್ರಾಫು ನೋಡಿದ ದಿನ ನಾನು ತಲೆನೋವಿನ ಮಾತ್ರೆ ತಗೊಂಡಿದ್ದೆ."

ಗ್ರಾಫಕ್ಕನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ನಗು ಬಂತು, ಅದನ್ನು ಕೆಮ್ಮಿನಂತೆ ಮಾಡಿ ಮುಗಿಸಿದಳು. ಕಲಸಿಯೇ ಹಾಕಿದಳು. ಚೌಕಗಳನ್ನು ತೆಗೆದು ಪ್ರತಿ ಗೆರೆಯ ತುದಿಯಲ್ಲೇ ಟ್ಯಾಂಕಿನ ಹೆಸರು ಬರೆಯುವುದು ಮಾತ್ರ ಅವಳದೇ ಯೋಚನೆ. ವಾರಗಿತ್ತಿ ಅದನ್ನು ನೋಡಿ, "ಇದು ನನಗೆ ಹೊಳೀಬೇಕಿತ್ತು," ಎಂದಳು. ಆ ಮಾತನ್ನು ಗ್ರಾಫಕ್ಕ ಎರಡು ದಿನ ಮನಸ್ಸಿನಲ್ಲೇ ಮೆಲುಕು ಹಾಕಿದಳು.

ಗುರುವಾರ ಎದ್ದು ಹೊರಡುವಾಗ ಅವಳು ಕೇಳಿಯೇಬಿಟ್ಟಳು.

"ಮೆಟ್ಟಿಲ ಗೋಡೆಗೆ ಹಳದಿ ಯಾಕೆ ಹೊಡೆಸಿದೆ?"

"ಹಳದಿ ನಂಗಿಷ್ಟ."

"ಅಷ್ಟೇನಾ?"

"ಅಷ್ಟೇ. ನಿಮ್ಮನ್ನ ಕೇಳಬೇಕಿತ್ತು, ಕೇಳ್ಲಿಲ್ಲ."

ಹುಡುಕಿಟ್ಟಿದ್ದ ನಾಲ್ಕು ಕಾರಣಗಳಲ್ಲಿ ಇದು ಇರಲಿಲ್ಲ. ಗ್ರಾಫಕ್ಕ ಮೇಲೆ ಹತ್ತಿ ಹೋಗಿ ಮಲಗಿದಳು.

ಶುಕ್ರವಾರ ಸಭೆಯಲ್ಲಿ ಹೊಸ ಗ್ರಾಫು ಕಪ್ಪು-ಬಿಳುಪಿನಲ್ಲಿ ಕೈಯಿಂದ ಕೈಗೆ ದಾಟಿತು. ಏಳು ಗೆರೆ ಏಳಾಗಿಯೇ ಕಂಡವು. ಸಾಹೇಬರು ಬಣ್ಣದ ಹಾಳೆಯನ್ನೂ ನೋಡಿದರು, ಮುಖ ಸ್ವಲ್ಪ ಸಣ್ಣದಾಯಿತು.

"ಇದರಲ್ಲಿ ಒಂಚೂರು ದುಃಖ ಇದೆಯಲ್ವಾ?"

"ಎಂಬತ್ತೆಂಟನೇ ಪುಟದಲ್ಲಿ ಅವಕಾಶ ಇದೆ ಸರ್," ಎಂದ ಬ್ರಾಂಡ್ ಅಧಿಕಾರಿ, ಪುಸ್ತಕ ತೆರೆದು. ಅವನು ಪ್ರಾಮಾಣಿಕ, ಪುಸ್ತಕದಲ್ಲಿದ್ದರೆ ಇದೆ ಎನ್ನುವವನು. ಲೋಗೊ ಅಂಚಿನಿಂದ ಎಷ್ಟಿದೆ ಎಂದು ಅಳೆದ, ಸರಿಯಾಗಿತ್ತು. ವಿನ್ಯಾಸ ಕಂಪನಿಯ ಒಪ್ಪಿಗೆ ಪತ್ರವೂ ಇತ್ತು, ಅದರ ಕೆಳಗೆ ವಾರಗಿತ್ತಿಯ ಸಹಿ. ಸಾಹೇಬರು ತಾವೇ ಒಪ್ಪಿದ ಪುಸ್ತಕಕ್ಕೆ ಎದುರಾಡುವಂತಿರಲಿಲ್ಲ. ಸಹಿ ಹಾಕಿದರು.

"ಸರ್, ವಾಲ್ವಣ್ಣನ ಮೆಮೊ ವಾಪಸ್ ತಗೋಬೇಕು," ಎಂದಳು ಗ್ರಾಫಕ್ಕ, ಮತ್ತು ಎರಡು ಪುಟದ ಬರಹ ಮುಂದಿಟ್ಟಳು. ಪರೀಕ್ಷೆ ಮಾಡದೆ ಕಳಿಸಿದ್ದು ತಾನು, ಹನ್ನೊಂದು ಸಲ ಫೋನ್ ಎತ್ತದಿದ್ದುದು ತಾನು, ಎಂದು ಗಂಟೆ ನಿಮಿಷ ಸಮೇತ ಬರೆದಿದ್ದಳು.

ಆಡಳಿತದವರಿಗೆ ಪೀಕಲಾಟಕ್ಕಿಟ್ಟುಕೊಂಡಿತು. ಮೆಮೊಗೆ ಆಗಲೇ ಸಂಖ್ಯೆ ಬಿದ್ದಿತ್ತು. ಸಂಖ್ಯೆ ಬಿದ್ದ ಮೆಮೊ ರದ್ದಾಗುವುದಿಲ್ಲ, ಯಾರಿಗಾದರೂ ಹೋಗಲೇಬೇಕು. ಅರ್ಧ ಗಂಟೆ ಚರ್ಚೆಯ ನಂತರ ಹೆಸರನ್ನು ಮಾತ್ರ ಬದಲಾಯಿಸಿ ಗ್ರಾಫಕ್ಕನಿಗೆ ಕೊಟ್ಟರು. ಹಾಗಾಗಿ ಅವಳ ಹತ್ತೊಂಬತ್ತು ವರ್ಷದ ಮೊದಲ ಮೆಮೊದಲ್ಲಿ 'ವಾಲ್ವನ್ನು ಅಜಾಗರೂಕತೆಯಿಂದ ತಿರುಗಿಸಿದ್ದಕ್ಕಾಗಿ' ಎಂದು ಬರೆದಿದೆ. ಅವಳು ಸಹಿ ಮಾಡಿ ಪ್ರತಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು.

ಕೆಳಗಿನ ಕೋಣೆಯಲ್ಲಿ ಮೆಮೊ ಓದಿ ವಾರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮೆಮೊ ಅಂದ್ರೆ ಏನು, ಸಂಬಳ ಜಾಸ್ತಿ ಮಾಡ್ತಾರಾ?" ಎಂದು ಅತ್ತೆ ಕೇಳಿದರು.

"ಇಲ್ಲ ಅತ್ತೆ."

"ಕಡಿಮೆ ಮಾಡ್ತಾರಾ?"

"ಅದೂ ಇಲ್ಲ."

"ಹಾಗಾದ್ರೆ ಕೈ ತೊಳ್ಕೊಂಡು ಬನ್ನಿ, ಊಟ ಮಾಡೋಣ."

ಆ ದಿನ ಗ್ರಾಫಕ್ಕ, ಅವಳ ಗಂಡ ಕೆಳಗೇ ಉಂಡರು. ಅಣ್ಣ ತಮ್ಮ ಇಬ್ಬರೂ ಮೂರು ವರ್ಷದ ಮೇಲೆ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುತ್ತಿದ್ದರು. ಅದರ ಬಗ್ಗೆ ಮಾತೆತ್ತಿದರೆ ಎಲ್ಲಿ ಕೆಟ್ಟುಹೋಗುವುದೋ ಎಂದು ಹೆದರಿ ಇಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

ಸೋಮವಾರ ಎಂಟಕ್ಕೆ ಗ್ರಾಫುಗಳು ಹೋದವು. ಎಂಟೂ ಐದಕ್ಕೆ ಫೋನ್ ಬಂತು. ಅವಳು ಮೊದಲ ಸದ್ದಿಗೇ ಎತ್ತಿದಳು.

"ಏಳೂ ಕಾಣ್ತಿದೆ ಅಕ್ಕ," ಎಂದ ವಾಲ್ವಣ್ಣ. ಒಂದರಿಂದ ಏಳರವರೆಗೆ ಗೆರೆಗಳನ್ನು ಓದಿ ಹೇಳಿದ, ಎಲ್ಲ ಸರಿಯಾಗಿತ್ತು. ಆಮೇಲೆ ಕೇಳಿದ. "ಆ ಮೆಮೊ ವಿಷಯ... ನೀವ್ಯಾಕೆ ತಗೊಂಡ್ರಿ? ಇನ್ನೆರಡು ವರ್ಷ ಇರೋನು ನಾನು, ಹೇಗೋ ಹೋಗ್ತಿತ್ತು."

"ವಾಲ್ವು ನಾನೇ ತಿರುಗಿಸಿದ್ದು ಅಂತ ಬರೆದಿದ್ದಾರೆ ಅಣ್ಣಾ. ದಾಖಲೆ ಇದೆ."

ಆ ಕಡೆಯಿಂದ ನಗು ಕೇಳಿಸಿತು.

"ಆರನೇ ಗೆರೆ ಮಾತ್ರ ಒಂಚೂರು ತೆಳ್ಳಗಿದೆ," ಎಂದ.

"ಕನ್ನಡಕ ಹಾಕ್ಕೊಂಡು ನೋಡಿ."

"ಹಾಕ್ಕೊಂಡೇ ಇದ್ದೀನಲ್ಲ."

ಅವಳು ಗೆರೆಯನ್ನು ಇನ್ನಷ್ಟು ದಪ್ಪ ಮಾಡಿ, ಮೊದಲು ತನ್ನ ಪ್ರಿಂಟರಿನಲ್ಲಿ ಕಪ್ಪು-ಬಿಳುಪಿನ ಒಂದು ಹಾಳೆ ತೆಗೆದು ಕಿಟಕಿಯ ಹತ್ತಿರ ಹಿಡಿದು ನೋಡಿ, ಆಮೇಲೆ ಕಳಿಸಿದಳು.